ಹನಿಮೂನ್ ಎಂಬ ಮಾತಿನ ನಿಜವಾದ ಹುಟ್ಟು

ಟಾಸ್ಮೇನಿಯಾದ ನಮ್ಮೂರಿನಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರುವುದಿಲ್ಲ. ಬಂದವರೂ ನನ್ನ ಮುಖ ಕಂಡೊಡನೆ ಬಿಯರ್ ಲೋಟವನ್ನು ಎದೆಗವಚಿಕೊಂಡು ಬೇರೆ ಕಡೆ ತಿರುಗಿಬಿಡುತ್ತಾರೆ. ಕಾರಣ ಇಷ್ಟೇ: ನಾನು ಸತ್ಯ ಹೇಳುತ್ತೇನೆ.

ಲೋಟಕ್ಕೆ ಲೋಟ ತಾಗಿಸುವ ಪದ್ಧತಿ ಹೇಗೆ ಬಂತು ಗೊತ್ತೇ, ಹಿಂದೆಲ್ಲ ವಿಷ ಹಾಕುತ್ತಿದ್ದರಂತೆ, ಒಬ್ಬನದು ಇನ್ನೊಬ್ಬನ ಲೋಟಕ್ಕೆ ಚೆಲ್ಲಲಿ ಅಂತ ಹಾಗೆ ಮಾಡುತ್ತಿದ್ದರಂತೆ ಎಂದು ಯಾರಾದರೂ ಶುರುಮಾಡುತ್ತಾರೆ. ನಾನು ಪಕ್ಕದ ಮೇಜಿನಿಂದಲೇ "ಪುರಾವೆ?" ಎನ್ನುತ್ತೇನೆ. ಜೋರು ಮಳೆ ಬಂದರೆ ನಮ್ಮಲ್ಲಿ ನಾಯಿ ಬೆಕ್ಕು ಸುರಿಯುತ್ತಿವೆ ಎನ್ನುವುದುಂಟು. ಹುಲ್ಲಿನ ಸೂರಿನ ಮೇಲೆ ಮಲಗಿದ್ದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವು, ಅದಕ್ಕೇ ಈ ಮಾತು ಎಂದು ಪೋಸ್ಟಾಫೀಸಿನ ಹೆಂಗಸು ಹೇಳಿದಾಗ, ಒಂದು ನಾಯಿಯನ್ನಾದರೂ ಸೂರಿನ ಮೇಲೆ ಮಲಗಿಸಿ ತೋರಿಸಿ ಎಂದು ಸವಾಲು ಹಾಕಿದೆ. (ಅಂದಿನಿಂದ ನನ್ನ ಪಾರ್ಸೆಲ್ಲುಗಳು ಇಡೀ ಟಾಸ್ಮೇನಿಯಾ ಸುತ್ತಿ ಬರುತ್ತಿವೆ.)

ಇದನ್ನು ನಾನು ಸಮಾಜಸೇವೆ ಎನ್ನುತ್ತೇನೆ. ನನ್ನ ಹೆಂಡತಿ ಗ್ಲೆನಿಸ್ ಕಾಯಿಲೆ ಎನ್ನುತ್ತಾಳೆ.

ಹೀಗಿರುವಾಗ ನಮ್ಮ ಒಬ್ಬಳೇ ಮಗಳು ಬ್ರಾಂಟಿಗೆ ಮದುವೆ ಗೊತ್ತಾಯಿತು. ಹುಡುಗ ಕೀರನ್. ಅವನ ಅಪ್ಪ ರೆಕ್ಸ್, ನದಿಯ ಮೇಲ್ದಂಡೆಯಲ್ಲಿ ಜೇನು ಸಾಕುವವನು. ಮದುವೆಗೆ ಮುಂಚೆ ಮಗಳು ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡಳು.

"ಡ್ಯಾಡ್, ನನ್ನ ಮದುವೇಲಿ ನೀನು ಮಾತಾಡ್ಲೇಬೇಕು. ಆದರೆ ಯಾವ ಮಾತು ಎಲ್ಲಿ ಹುಟ್ಟಿತು, ಯಾವ ಪದ್ಧತಿ ಯಾಕೆ ಬಂತು, ಅದೊಂದೂ ಬೇಡ. ನನಗೆ ನನ್ನ ಅಪ್ಪ ಬೇಕು, ಪಾಠ ಬೇಡ."

"ಆಣೆ ಮಾಡ್ತೀನಿ," ಎಂದೆ.

"ಬರೆಸಿಕೋ," ಎಂದಳು ಗ್ಲೆನಿಸ್, ಪಾತ್ರೆ ಒರೆಸುತ್ತಾ. "ಈ ಮನುಷ್ಯ ನಮ್ಮ ಮದುವೆ ದಿನ ಪಾದ್ರಿಯನ್ನೇ ತಿದ್ದಿದವನು."

ಆದರೂ ನಾನು ಶ್ರದ್ಧೆಯಿಂದ ಭಾಷಣ ಬರೆದೆ. ಬ್ರಾಂಟಿ ಈಜು ಕಲಿತದ್ದು, ಮೊದಲ ಸಲ ಕಾರು ಓಡಿಸಿ ನಮ್ಮದೇ ಬೇಲಿಯನ್ನು ಮಲಗಿಸಿದ್ದು, ಎಲ್ಲ ಇತ್ತು.

ಮದುವೆಯ ಊಟಕ್ಕೆ ಊರಿನ ಹಾಲ್ ತುಂಬಿತ್ತು. ಮೇಜುಮೇಜಿನ ಮೇಲೂ ರೆಕ್ಸ್ ತನ್ನ ಮನೆಯಲ್ಲೇ ಮಾಡಿದ ಜೇನಿನ ವೈನ್ ಇಟ್ಟಿದ್ದ. ಮೊದಲು ಮೈಕ್ ಹಿಡಿದವನೂ ಅವನೇ.

"ಹಿಂದಿನ ಕಾಲದಲ್ಲಿ, ಮದುವೆ ಆದಮೇಲೆ ಹೆಣ್ಣಿನ ಅಪ್ಪ ಅಳಿಯನಿಗೆ ಒಂದು ತಿಂಗಳು ಪೂರ್ತಿ ಜೇನಿನ ವೈನ್ ಕುಡಿಸ್ತಿದ್ದನಂತೆ. ಒಂದು ಚಂದ್ರನಿಂದ ಇನ್ನೊಂದು ಚಂದ್ರನ ತನಕ. ಹನಿಮೂನ್ ಅನ್ನೋ ಮಾತು ಬಂದಿದ್ದೇ ಹಾಗೆ! ಇವತ್ತು ನಮ್ಮ ಬೀಗರ ಬದಲು ನಾನೇ ಕುಡಿಸ್ತೀನಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮೈಯೊಳಗೆ ಇರುವೆ ಹರಿದಂತಾಯಿತು.

"ಮರ್ವ್, ಬೇಡ," ಎಂದು ಗ್ಲೆನಿಸ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಮೈಕ್ ನನ್ನ ಕೈಗೆ ಬಂತು. ಬರೆದ ಭಾಷಣ ಜೇಬಿನಲ್ಲೇ ಉಳಿಯಿತು.

"ರೆಕ್ಸ್ ಒಳ್ಳೆಯವನು," ಎಂದೆ. "ಆದರೆ ಹೇಳಿದ್ದು ಶುದ್ಧ ಕಟ್ಟುಕತೆ! ಜೇನಿನ ವೈನಿಗೂ ಆ ಮಾತಿಗೂ ಸಂಬಂಧವೇ ಇಲ್ಲ. ಆ ಮಾತು ಹುಟ್ಟಿದಾಗ ಅದರ ಅರ್ಥ ಏನಿತ್ತು ಗೊತ್ತಾ? ಮದುವೆಯ ಹೊಸದರಲ್ಲಿ ಪ್ರೀತಿ ಜೇನಿನ ಹಾಗೆ ಸಿಹಿ. ಆಮೇಲೆ ಹುಣ್ಣಿಮೆ ಚಂದ್ರನ ಹಾಗೆ ದಿನಾ ಸ್ವಲ್ಪ ಸ್ವಲ್ಪ ಸವೆದು..."

ಸವೆದು ಎಂದ ಮೇಲೆಯೇ ನನಗೆ ಅದು ಮದುವೆ ಮನೆ ಎಂಬುದು ನೆನಪಾದದ್ದು.

ಕೀರನ್ ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಬ್ರಾಂಟಿಯ ಕೆಳತುಟಿ ನಡುಗುತ್ತಿತ್ತು. ಚಿಕ್ಕಂದಿನಲ್ಲಿ ಅವಳ ಗಾಳಿಪಟ ಮರಕ್ಕೆ ಸಿಕ್ಕಿಕೊಂಡಾಗ ನಡುಗುತ್ತಿದ್ದಂತೆಯೇ. ಆಗ ಮರ ಹತ್ತಿದರೆ ಸಾಕಾಗುತ್ತಿತ್ತು.

ಗ್ಲೆನಿಸ್ ಎದ್ದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡಳು.

"ಈ ಪಂಡಿತರು ಯಾವತ್ತೂ ಅರ್ಧ ಪುಟ ಓದಿ ಪುಸ್ತಕ ಮುಚ್ಚೋದು," ಎಂದಳು. "ಸವೆದ ಚಂದ್ರ ಮತ್ತೆ ತುಂಬಲ್ವೇನ್ರೀ? ನಮ್ಮನೇಲೂ ಎಷ್ಟೋ ಅಮಾವಾಸ್ಯೆ ಬಂದು ಹೋಗಿವೆ. ಬಾಗಿಲಲ್ಲಿ ತೂರಲಿಲ್ಲ ಅಂತ ನನ್ನ ಹೊಸ ಸೋಫಾನ ಇವರು ಗರಗಸದಲ್ಲಿ ಎರಡು ಮಾಡಿದ್ರಲ್ಲ, ಅವತ್ತು ಒಂದು ನಕ್ಷತ್ರಾನೂ ಇರಲಿಲ್ಲ. ಆದರೂ ಮತ್ತೆ ತುಂಬ್ತು. ಪ್ರತೀ ಸಲ ತುಂಬ್ತು. ಅದಕ್ಕೇ ಅದನ್ನ ಹನಿಮೂನ್ ಅನ್ನೋದು. ಹೌದೋ ಅಲ್ವೋ, ಮರ್ವ್?"

ಯಾವ ನಿಘಂಟಿನಲ್ಲೂ ಇಲ್ಲದ ಮಾತು! ಪುರಾವೆ ಸೊನ್ನೆ! ನಾನು ಬಾಯಿ ತೆರೆದೆ. ಬ್ರಾಂಟಿ ನನ್ನನ್ನೇ ನೋಡುತ್ತಿದ್ದಳು.

"ಹೌದು," ಎಂದೆ.

ಹಾಲ್‌ನ ಸೂರು ಹಾರಿಹೋಗುವಂತೆ ಎಲ್ಲರೂ ಕೂಗಿದರು. ರೆಕ್ಸ್ ಬಂದು ನನ್ನನ್ನು ತಬ್ಬಿಕೊಂಡು, "ನನ್ನ ಕತೆಗಿಂತ ನಿನ್ನದೇ ಚೆನ್ನಾಗಿದೆ ಮಾರಾಯ," ಎಂದ. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಅವನ ವೈನ್ ಬಾಟಲಿಗಳ ಮೇಲೆಲ್ಲ ಹೊಸ ಚೀಟಿ ಬಂತು: 'ಸವೆದ ಚಂದ್ರ ಮತ್ತೆ ತುಂಬುವಂತೆ ಪ್ರೀತಿಯೂ ತುಂಬುವುದರಿಂದ ಹನಿಮೂನ್ ಎಂಬ ಹೆಸರು ಬಂದಿದೆ. ಸಂಶೋಧನೆ: ಮರ್ವ್ ಟ್ರಿಫೆಟ್.'

ಮೊನ್ನೆ ಶನಿವಾರದ ಸಂತೆಯಲ್ಲಿ ಬ್ರಾಂಟಿ, ಕೀರನ್ ಇಬ್ಬರೂ ಆ ಬಾಟಲಿಗಳನ್ನು ಮಾರುತ್ತಿದ್ದರು. ನಾನೂ ಗ್ಲೆನಿಸಳೂ ಪಕ್ಕದಲ್ಲಿ ಮಾಂಸ ತುಂಬಿದ ಪೈ ತಿನ್ನುತ್ತಾ ನಿಂತಿದ್ದೆವು. ಮೆಲ್ಬರ್ನಿನಿಂದ ಬಂದಿದ್ದ ಕನ್ನಡಕದ ಹೆಂಗಸೊಬ್ಬಳು ಚೀಟಿ ಓದಿದಳು. ಅವಳ ಮೈಯಲ್ಲಿ ಇರುವೆ ಹರಿದದ್ದು ನನಗೆ ನಿಂತಲ್ಲೇ ಕಾಣಿಸಿತು.

"ಇದು ಪೂರ್ತಿ ತಪ್ಪು!" ಎಂದು ಬ್ರಾಂಟಿಯ ಕಡೆ ಬೆರಳು ಎತ್ತಿದಳು. "ಮೂಲದಲ್ಲಿ ಆ ಮಾತಿನ ಅರ್ಥ, ಪ್ರೀತಿ ಚಂದ್ರನ ಹಾಗೆ ಸವೆಯುತ್ತೆ ಅಂತ. ಯಾವ ಮೂರ್ಖ ಇದನ್ನ ಬರೆಸಿದ್ದು?"

ಒಂದಕ್ಷರವೂ ತಪ್ಪಿಲ್ಲ. ಬದುಕಿನಲ್ಲಿ ಮೊದಲ ಸಲ ನನ್ನ ಜಾತಿಯವಳೊಬ್ಬಳು ಎದುರು ಸಿಕ್ಕಿದ್ದಳು.

ನಾನು ಪೈ ಕೆಳಗಿಟ್ಟು, ಅವಳ ಮುಂದೆ ಎದೆ ಸೆಟೆಸಿ ನಿಂತೆ.

"ತಪ್ಪು ತಿಳಿದಿದ್ದೀರಿ ಮೇಡಂ. ಈ ವಿಷಯ ನಾನೇ ಕೂಲಂಕಷವಾಗಿ ಪರಿಶೀಲಿಸಿದ್ದೇನೆ."

"ಹೌದಾ? ಪುರಾವೆ?"

ತುಟಿಯ ಮೇಲೆ ಪೈ ಚೂರು ಅಂಟಿಸಿಕೊಂಡು ನಿಂತಿದ್ದ ಗ್ಲೆನಿಸಳ ಕಡೆಗೆ ನಾನು ಕೈ ತೋರಿಸಿದೆ.

"ಆಕರ ಗ್ರಂಥ ಇಲ್ಲೇ ನಿಂತಿದೆ," ಎಂದೆ. "ಜೋಪಾನ, ತಿರುಗಿ ಬೈಯುತ್ತೆ."