ದೊಡ್ಡತ್ತೆಯ ಮುಗಿಯದ ಮಹಾಯುದ್ಧ

ಎರಡನೆಯ ಮಹಾಯುದ್ಧ ಮುಗಿಯಿತೆಂದು ನಿಮಗೆ ಯಾರು ಹೇಳಿದರು? ಶಾಲೆಯ ಮೇಷ್ಟ್ರೇ? ಅವರನ್ನು ಒಮ್ಮೆ ನಮ್ಮೂರು ಆಲೆಟ್ಟಿಗೆ ಕಳುಹಿಸಿ. ನಮ್ಮ ದೊಡ್ಡತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಅವರನ್ನು ಚಾವಡಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಮುಗಿದಿಲ್ಲವೆಂದು ಒಪ್ಪಿಸಿಯೇ ಕಳುಹಿಸುತ್ತಾರೆ! ಜಗತ್ತಿನ ದೊರೆಗಳೆಲ್ಲ ಸೇರಿ ಸಹಿ ಹಾಕಿರಬಹುದು. ದೊಡ್ಡತ್ತೆ ಹಾಕಿಲ್ಲ.

ಆ ಯುದ್ಧಕ್ಕೆಂದು ಅಜ್ಜ ಇಂಗ್ಲಿಷರ ಸೈನ್ಯದ ಜೊತೆ ಬರ್ಮಾದ ಕಡೆಗೆ ಹೋಗುವಾಗ ದೊಡ್ಡತ್ತೆ ಆಗಷ್ಟೇ ನಡೆಯಲು ಕಲಿತಿದ್ದರು. ನನ್ನ ಅಪ್ಪ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದರು. ಅಜ್ಜ ತಿರುಗಿ ಬರಲಿಲ್ಲ. ಸತ್ತರೆಂಬ ಸುದ್ದಿಯೂ ಬರಲಿಲ್ಲ. ಅಜ್ಜಿ ಕರಿಮಣಿ ತೆಗೆಯದೆಯೇ ತೀರಿಕೊಂಡರು. ದೊಡ್ಡತ್ತೆಯಂತೂ ಧಾರೆ ಎರೆಯುವುದಕ್ಕೆ ಅಪ್ಪ ಬರಲಿ ಎಂದು ಹೇಳಿ, ನೋಡಲು ಬಂದ ಗಂಡುಗಳಿಗೆಲ್ಲ ಕಾಫಿ ಕೊಟ್ಟು ಕಳುಹಿಸಿದರು. ಕಾಫಿ ಬಹಳ ಚೆನ್ನಾಗಿತ್ತಂತೆ.

ಈಗ ಟಿ.ವಿ.ಯವರು ದಿನಕ್ಕೊಮ್ಮೆ ಮೂರನೆಯ ಮಹಾಯುದ್ಧ ಶುರು ಮಾಡುತ್ತಾರಲ್ಲ, ದೊಡ್ಡತ್ತೆಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಎರಡನೆಯದನ್ನೇ ಸರಿಯಾಗಿ ಮುಗಿಸಲು ಬಾರದವರಿಗೆ ಮೂರನೆಯದು ಎಂತಕ್ಕೆ ಎಂದು ಅವರ ವಾದ. ಇದಕ್ಕೆ ಉತ್ತರ ಹೇಳಬಲ್ಲ ರಾಯಭಾರಿ ಇದ್ದರೆ ತೋರಿಸಿ!

ಒಮ್ಮೆ ಯಾರನ್ನೋ ರೈಲು ಹತ್ತಿಸಲು ನೆಟ್ಟಣ ಸ್ಟೇಷನ್ನಿಗೆ ಹೋಗಿದ್ದೆವು. ಬೆನ್ನಿಗೆ ದೊಡ್ಡ ಚೀಲ ಹೊತ್ತ ಬಿಳಿಯನೊಬ್ಬ ಪ್ಲಾಟ್‌ಫಾರಮ್ಮಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದ. ದೊಡ್ಡತ್ತೆ ನೇರವಾಗಿ ಅವನ ಎದುರು ಹೋಗಿ ನಿಂತು, ಯುದ್ಧಕ್ಕೆ ಕೊಂಡುಹೋದ ತನ್ನ ಅಪ್ಪನನ್ನು ಎಲ್ಲಿ ಬಿಟ್ಟದ್ದೆಂದು ಕೇಳಿದರು. ದುಭಾಷಿಯ ಕೆಲಸ ನನ್ನ ತಲೆಗೆ ಬಂತು. ಅವನು ಸ್ವಿಟ್ಜರ್ಲೆಂಡಿನವನಂತೆ. ಅವರ ದೇಶ ಯುದ್ಧಕ್ಕೇ ಇಳಿದಿರಲಿಲ್ಲವಂತೆ. ಸದ್ಯ, ಪಾರಾದ ಎಂದುಕೊಂಡೆ. ಎಲ್ಲಿಯ ಪಾರು!

"ಅಷ್ಟು ಜನ ಹೊಡೆದಾಡುವಾಗ ಬಿಡಿಸುದು ಬಿಟ್ಟು ನೋಡಿಕೊಂಡು ಕೂತದ್ದಾ?" ಎಂದರು ದೊಡ್ಡತ್ತೆ.

ಅವನು ಆಶೀರ್ವಾದವೆಂದು ತಿಳಿದು ಕೈ ಮುಗಿದು, ಅವರ ಜೊತೆ ಒಂದು ಸೆಲ್ಫಿಯನ್ನೂ ತೆಗೆದುಕೊಂಡ.

ಇದೆಲ್ಲ ನಗುವ ಮಾತಾಯಿತು. ಆದರೆ ಪುತ್ತೂರಿನ ಸಭೆಯೊಂದರಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗರಿಗರಿ ಜುಬ್ಬಾದ ಭಾಷಣಕಾರರೊಬ್ಬರು, ಆ ಯುದ್ಧಕ್ಕೆ ಹೋದವರು ದೇಶದ ಸೈನಿಕರೇ ಅಲ್ಲ, ಇಂಗ್ಲಿಷರ ಆಳುಗಳು ಎಂದುಬಿಟ್ಟರು. ಎಷ್ಟು ಸಲೀಸು ನೋಡಿ! ಕೊಂಡುಹೋದವರು ದೇಶ ಬಿಟ್ಟು ಹೋದರು. ಉಳಿದವರು ನಮ್ಮವನಲ್ಲ ಎಂದರು. ಹಾಗಾದರೆ ಆ ಮನುಷ್ಯ ಯಾರ ಲೆಕ್ಕಕ್ಕೆ?

ನನ್ನ ಪಕ್ಕದಲ್ಲಿದ್ದ ದೊಡ್ಡತ್ತೆ ಎದ್ದು ನಿಂತರು. "ಮದುವೆಗೆಂದು ಕೊಪ್ಪರಿಗೆ ಕೊಂಡುಹೋದವ ಕೂಡ ತಳ ಒಡೆದರೆ ಬಂದು ಹೇಳ್ತಾನೆ. ಇವರು ಒಬ್ಬ ಮನುಷ್ಯನನ್ನು ಕೊಂಡುಹೋದದ್ದು ಮಾರಾಯ್ರೆ. ಒಂದು ಮಾತು ಹೇಳಲಿಕ್ಕೆ ಯಾರಿಗೂ ಬಾಯಿ ಇಲ್ವಾ?"

ಭಾಷಣಕಾರರು ನೀರು ಕುಡಿದರು. ಸಭೆ ವಂದನಾರ್ಪಣೆಗೆ ಹಾರಿತು.

ನಮ್ಮ ಮನೆಯಲ್ಲಿ ದೀಪಾವಳಿಗೆ, ತೀರಿಕೊಂಡ ಹಿರಿಯರಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸುವ ಕ್ರಮವಿದೆ. ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಡುತ್ತೇವೆ. ಅವರದಾದ ಮೇಲೆ ಚಾವಡಿಯಲ್ಲಿ ನಮ್ಮ ಊಟ. ಆದರೆ ಬೊಜ್ಜ, ಎಂದರೆ ಉತ್ತರಕ್ರಿಯೆ, ಆಗದವರಿಗೆ ಒಳಗೆ ಎಲೆಯಿಲ್ಲ. ಅಜ್ಜನ ಬೊಜ್ಜ ಮಾಡಲು ದೊಡ್ಡತ್ತೆ ಬಿಡುವುದಿಲ್ಲ. ಸತ್ತದ್ದು ಯಾರು ನೋಡಿದ್ದು? ಕೊಂಡುಹೋದವರು ಬಂದು ಹೇಳಲಿ! ಹಾಗಾಗಿ ಅಜ್ಜನ ಎಲೆ ಪ್ರತಿ ವರ್ಷ ಬದುಕಿರುವ ನಮ್ಮ ಸಾಲಿನಲ್ಲಿ, ಮೊದಲಿಗೆ. ಅಲ್ಲಿ ಕೂರುವ ಧೈರ್ಯ ಮನೆಯ ಬೆಕ್ಕಿಗೂ ಇಲ್ಲ.

ಇದರಲ್ಲಿ ನೊಂದವರು ನನ್ನ ಅಪ್ಪ. ತಂದೆಯ ಮುಖವನ್ನೇ ನೋಡದ ಅವರಿಗೆ ಇದ್ದದ್ದು ಒಂದೇ ಆಸೆ. "ನನಗೂ ಎಂಬತ್ತು ದಾಟಿತು ಅಕ್ಕ. ಅಪ್ಪನಿಗೆ ಒಮ್ಮೆ ಒಳಗೆ ನನ್ನ ಕೈಯಿಂದ ಬಡಿಸ್ತೇನೆ," ಎಂದು ಕಳೆದ ವರ್ಷ ಕೇಳಿದ್ದರು. ದೊಡ್ಡತ್ತೆ ಮೂರು ದಿನ ತಮ್ಮನ ಜೊತೆ ಮಾತು ಬಿಟ್ಟರು.

ಈ ದೀಪಾವಳಿಗೆ ನನ್ನ ತಂಗಿಯ ಗಂಡ ಕಡಬದಿಂದ ಬಂದಿದ್ದ. ಸೈನ್ಯದಿಂದ ಹೊಸದಾಗಿ ನಿವೃತ್ತನಾದವ; ರಜೆ ಸಿಗದೆ ಈ ಊಟಕ್ಕೆ ಬರಲು ಅವನಿಗೆ ಎಂದೂ ಆಗಿರಲಿಲ್ಲ. ಒಳಗಿನ ಹಿರಿಯರದು ಮುಗಿದು ಚಾವಡಿಯಲ್ಲಿ ಎಲೆ ಹಾಕಿದ್ದೇ ತಡ, ಅವನು ಹೋಗಿ ಅಜ್ಜನ ಎಲೆಯ ಮುಂದೆಯೇ ಕೂತುಬಿಟ್ಟ! ತಂಗಿ ಹಣೆ ಚಚ್ಚಿಕೊಂಡಳು. ನಾನು ಕೋಳಿಸಾರಿನ ಆಸೆ ಬಿಟ್ಟೆ.

"ಅದು ಅಪ್ಪನ ಎಲೆ. ಯಾರ ಹತ್ತಿರ ಕೇಳಿ ಕೂತದ್ದು?" ಎಂದರು ದೊಡ್ಡತ್ತೆ.

ಅವನು ಗಾಬರಿಯಿಂದ ಎದ್ದ. ತಂಗಿ ಅವನ ಕಿವಿಯಲ್ಲಿ ಕಥೆಯನ್ನೆಲ್ಲ ಹೇಳಿದಳು. ಕೇಳಿ ಮುಗಿಸಿದವನು ಅಂಗಿ ಸರಿ ಮಾಡಿಕೊಂಡು ದೊಡ್ಡತ್ತೆಯ ಎದುರು ನೆಟ್ಟಗೆ ನಿಂತ.

"ಅತ್ತೆ, ನಾನು ಮಿಲಿಟರಿಯವ. ಕೊಂಡುಹೋದವರ ಪರವಾಗಿ ನಾನು ಹೇಳ್ತೇನೆ. ನಿಮ್ಮ ಅಪ್ಪ ಇನ್ನು ಬರುದಿಲ್ಲ. ಹೇಳಲಿಕ್ಕೆ ತಡ ಆಯ್ತು. ತಪ್ಪಾಯ್ತು."

ಬೈಗುಳ ಬರುತ್ತದೆಂದು ನಾನು ಕಾದೆ. ದೊಡ್ಡತ್ತೆ ಅವನನ್ನೇ ನೋಡುತ್ತ ನಿಂತಿದ್ದರು.

"ಹೋಗುವಾಗ ಹೊಟ್ಟೆಗೆ ಎಂತಾದರೂ ಬಿದ್ದಿತ್ತಾ?" ಎಂದು ಕೇಳಿದರು.

"ಬಿದ್ದಿತ್ತು ಅತ್ತೆ," ಎಂದ ಅವನು.

ದೊಡ್ಡತ್ತೆ ಬಗ್ಗಿ ಆ ಎಲೆಯನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. ಬೊಜ್ಜ ಆಗದೆ ಹೀಗೆ ಇಡಬಾರದೆಂಬ ಶಾಸ್ತ್ರವನ್ನು ಅವತ್ತು ಎಲ್ಲರೂ ಮರೆತರು. ಹಿರಿಯರ ಸಾಲಿನ ಕೊನೆಯಲ್ಲಿ ಎಲೆ ಇಟ್ಟು, ತಮ್ಮನನ್ನು ಕರೆದರು. ಅಪ್ಪ ತಮ್ಮದೇ ಕೈಯಿಂದ ಅನ್ನ ಬಡಿಸಿದರು.

ಎಂಬತ್ತು ದಾಟಿದ ಮಗಳು ಎಲೆಯನ್ನು ನೋಡಿ ಹೇಳಿದರು, "ಇನ್ನೂ ಸ್ವಲ್ಪ ಹಾಕು. ಪ್ರಾಯದ ಹುಡುಗ."