ಗೇಟು ನೋಡಿ ಷೇರು ಕೊಳ್ಳುವವರು

ನನ್ನ ಸೋದರಮಾವ ಹೆಣ್ಣು ನೋಡಲು ಹೋಗಿದ್ದು ಒಂದೇ ಸಲ, ಅದೂ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಷೇರು ಕೊಳ್ಳಬೇಕೆಂದರೆ ಮಾತ್ರ ಕಂಪನಿಯ ಗೇಟಿಗೆ ವಾರವಿಡೀ ಎಡತಾಕುತ್ತಿದ್ದರು! ಅತ್ತೆ ಇದನ್ನು ಬಂದವರಿಗೆಲ್ಲ ಹೇಳಿ ನಗಿಸಿ, ಆಮೇಲೆ ಒಬ್ಬರೇ ಮುಖ ದಪ್ಪ ಮಾಡಿಕೊಳ್ಳುತ್ತಿದ್ದರು.

ತೊಂಬತ್ತರ ದಶಕ. ಹಲಸೂರಿನ ಅವರ ಮನೆಯಲ್ಲಿ ಮಾಮ ಕೂತಿದ್ದನ್ನು ಕಂಡವರಿಲ್ಲ. ಹಜಾರದಿಂದ ಬಾಗಿಲಿಗೆ, ಬಾಗಿಲಿನಿಂದ ಹಜಾರಕ್ಕೆ ನಡೆಯುತ್ತಲೇ ಕಂಪನಿಗಳ ವಾರ್ಷಿಕ ವರದಿ ಓದುವುದು. ಓದಿ ಮುಗಿಸಿ, "ಇದು ಮದುವೆ ಫೋಟೊ ಕಣೇ, ಎಲ್ರೂ ಪೌಡರ್ ಹಾಕ್ಕೊಂಡು ನಿಂತಿರ್ತಾರೆ. ನಿಜವಾದ ಮುಖ ಗೇಟಲ್ಲಿ ಗೊತ್ತಾಗತ್ತೆ" ಎಂದು ಸ್ಕೂಟರ್ ಒದೆಯುತ್ತಿದ್ದರು. ಕಾಲೇಜಿಗೆ ರಜೆಯಿದ್ದರೆ ಹಿಂದಿನ ಸೀಟು ನನ್ನದು. ಒಂದು ಕಂಪನಿ ನೋಡಿದರೆ ಸಾಕೇ? ಅದೇ ಕಸುಬಿನ ಎದುರಾಳಿಗಳ ಗೇಟುಗಳನ್ನೂ ಸುತ್ತಬೇಕು!

"ಯಾಕ್ ಮಾಮ ಇಷ್ಟೊಂದು ಸುತ್ತಾಟ?"

"ಊರಲ್ಲಿರೋ ಹೋಟ್ಲೆಲ್ಲ ಖಾಲಿ ಹೊಡೀತಿದ್ರೆ ಅಡುಗೆಯೋನ ತಪ್ಪಲ್ಲ. ಒಂದೇ ಹೋಟ್ಲು ಖಾಲಿ ಇದ್ರೆ, ಆಗ ಸಾಂಬಾರ್ ರುಚಿ ನೋಡ್ಬೇಕು."

ಕೆ.ಆರ್. ಪುರದ ಹತ್ತಿರ ಒಂದು ಪಂಪ್ ಕಾರ್ಖಾನೆಯ ಮುಂದೆ ಲಾರಿಗಳ ಸಾಲು ಕಂಡು ಮಾಮ ಹಿಗ್ಗಿ ಹೀರೇಕಾಯಿಯಾದರು. ಮರುದಿನವೇ ಷೇರು ಕೊಂಡರು. ಲಾರಿಗಳಲ್ಲಿದ್ದದ್ದು ಕೆಟ್ಟುಹೋಗಿ ಗಿರಾಕಿಗಳು ವಾಪಸು ಕಳಿಸಿದ ಪಂಪುಗಳೆಂದು ಆಮೇಲೆ ತಿಳಿಯಿತು! ಅಂದಿನಿಂದ ಎಲ್ಲಿ ಲಾರಿ ಕಂಡರೂ ಬಗ್ಗಿ, ಭಾರಕ್ಕೆ ಚಕ್ರ ಎಷ್ಟು ಅದುಮಿದೆಯೆಂದು ನೋಡುವ ಚಟ ಹತ್ತಿತು. ಭಾರ ಹೊರಗೆ ಬರುತ್ತಿದೆಯೋ, ಒಳಗೆ ಹೋಗುತ್ತಿದೆಯೋ? ವಾಚ್‌ಮನ್‌ಗಳೆಲ್ಲ ಇವರನ್ನು ಪಂಕ್ಚರ್ ಅಂಗಡಿಯವರೆಂದೇ ತಿಳಿದಿದ್ದರು.

ನನ್ನ ಅಪ್ಪ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಆ ಕಂಪನಿಯ ಷೇರೂ ಮಾಮನ ಬಳಿ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಲ್ಲಿ ಓವರ್‌ಟೈಮ್ ನಿಂತಿತು, ಮುಚ್ಚುತ್ತಾರಂತೆ ಎಂಬ ಗುಸುಗುಸು ಎದ್ದಿತು. ಬೇರೆ ಕೆಲಸ ಹುಡುಕುವ ವಯಸ್ಸು ಅಪ್ಪನಿಗೆ ದಾಟಿತ್ತು. ಭಾನುವಾರ ಮಾಮ ಮನೆಗೆ ಬಂದರೆ ಅಪ್ಪನದು ಒಂದೇ ಪ್ರಶ್ನೆ.

"ಏನಯ್ಯ, ನಮ್ ಕಂಪನೀದು ಮಾರಿಬಿಟ್ಯಾ?"

"ಇಲ್ಲ ಭಾವ. ಒಂದೂ ಮಾರಿಲ್ಲ."

ಅಂದು ಅಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ಸಂಜೆ ಮಾಮ ನನ್ನನ್ನು ಆ ಗೇಟಿಗೂ ಕರೆದೊಯ್ದರು. ಬಗ್ಗಿ ಚಕ್ರ ನೋಡಲು ಒಂದು ಲಾರಿಯೂ ಇರಲಿಲ್ಲ. ಎದುರಿನ ಟೀ ಅಂಗಡಿಯವನೂ ಜಾಗ ಖಾಲಿ ಮಾಡಿದ್ದ. ಎಷ್ಟೋ ತಿಂಗಳಿಂದ ಹೀಗೇ ಇದೆ ಎಂದು ಮಾಮನೇ ಹೇಳಿದರು. ನನಗೆ ಸಿಟ್ಟು ಬಂತು.

"ಗೊತ್ತಿದ್ದೂ ಯಾಕೆ ಇಟ್ಕೊಂಡಿದೀರ ಮಾಮ? ಅಷ್ಟೂ ಮುಳುಗತ್ತಲ್ಲ?"

ಮಾಮ ಸ್ಕೂಟರ್ ಕೀ ಅಲ್ಲಾಡಿಸುತ್ತ ಗೇಟಿನ ಉದ್ದಕ್ಕೂ ನಡೆದು ಬಂದರು. "ಮಾರಿಬಿಟ್ಟು ಮಾರಿಲ್ಲ ಅನ್ನಕ್ಕೆ ನಂಗೆ ಬರಲ್ಲ ಕಣೇ. ಮಾರಿದೀನಿ ಅಂದ್ರೆ ನಿಮ್ಮಪ್ಪ ನಾಳೆ ಯಾವ ಧೈರ್ಯದ ಮೇಲೆ ಇಲ್ಲಿಗೆ ಬರ್ತಾರೆ?"

ಅಷ್ಟರಲ್ಲಿ ಸೈರನ್ ಕೂಗಿತು. ಹೊರಬಂದ ಕೆಲವೇ ಜನರ ನಡುವೆ ಅಪ್ಪ ನಮ್ಮನ್ನು ಕಂಡು ಮುಖ ಅರಳಿಸಿದರು.

"ಗೇಟ್ ನೋಡಕ್ಕೆ ಬಂದ್ಯೇನಯ್ಯ? ಹೇಗನ್ಸತ್ತೆ?"

"ಇನ್ನೊಂದಷ್ಟು ತಗೊಳ್ಳೋಣ ಅಂತ ಇದೀನಿ ಭಾವ."

ಸುಳ್ಳು ಹೇಳಲು ಬಾರದ ಆ ಮನುಷ್ಯ ಮರುದಿನ ಹೋಗಿ ನಿಜಕ್ಕೂ ಕೊಂಡುಕೊಂಡು ಬಂದರು.