ಮಾವ ಹೊಲಿದ ಬೇಸಿಗೆ ಕೋಟು

ಅರಸೀಕೆರೆಯಲ್ಲಿ ನಮ್ಮ ಸೋದರಮಾವನ ಕೈಲಿ ಬಟ್ಟೆ ಹೊಲಿಸಿ, ಅದನ್ನು ಹೊಸದಾಗಿ ತೊಟ್ಟ ಮನುಷ್ಯ ಒಬ್ಬನಿದ್ದರೆ ತೋರಿಸಿ, ನಾನು ಮಿಮಿಕ್ರಿ ಮಾಡುವುದನ್ನೇ ಬಿಟ್ಟುಬಿಡುತ್ತೇನೆ. ಆದರೆ ನನ್ನ ಕೋಟಿನ ವಿಷಯದಲ್ಲಿ ಪೂರ್ತಿ ತಪ್ಪನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಳತೆ ಕೊಡುವ ಹೊತ್ತಿನಲ್ಲಿ ನಾನು ನೆಟ್ಟಗೆ ನಿಂತಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ನಾನು ನಿಲ್ಲಲಿಲ್ಲ. ಜನ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಎದೆ ಉಬ್ಬಿಸುತ್ತಾರೆ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ದಡ್ಡತನ.

ಮೊದಲು ಮಾವನ ಪರಿಚಯವಾಗಲಿ. ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ ಅವರದೊಂದು ಗೂಡಿನಂಥ ಟೈಲರ್ ಅಂಗಡಿ. ಮಾವ ಮಿಷನ್ ತುಳಿದರೆ, ಅತ್ತೆ ಬಾಗಿಲ ಪಕ್ಕ ಕೂತು ಕಾಜ ಮಾಡಿ ಗುಂಡಿ ಹಾಕುತ್ತಾರೆ. ಹೊಲಿಗೆ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲಿದದ್ದನ್ನು ಗಿರಾಕಿಗೆ ಕೊಡುವ ಮುಂಚೆ ಮಾವ ತಾವೇ ತೊಟ್ಟುಕೊಂಡು ಒಂದು ಸುತ್ತು ಹೋಗಿಬರಬೇಕು! ಕೇಳಿದರೆ, "ಹೊಸ ಬಟ್ಟೆ ಒಂದ್ಸಲ ಮನುಷ್ಯನ ಮೈ ಕಂಡಿರಬೇಕು ಕಣ್ಲಾ. ಇಲ್ದಿದ್ರೆ ಮುನಿಸ್ಕೊಂತದೆ" ಅನ್ನುತ್ತಾರೆ.

ಹೀಗಾಗಿ ಬ್ಯಾಂಕಿನ ಗುಮಾಸ್ತರೊಬ್ಬರು ಹಾರನಹಳ್ಳಿ ಟೆಂಪೊದಲ್ಲಿ ತಮ್ಮದೇ ಷರ್ಟಿನ ಪಕ್ಕ ಕೂತು ಪ್ರಯಾಣ ಮಾಡಬೇಕಾಯಿತು.

"ರೀ, ಇದು ನನ್ನ ಷರ್ಟಲ್ವೇನ್ರೀ?"

"ನಿಮ್ದೇ ಸಾರ್. ಮಾಲೇಕಲ್ಲು ಬೆಟ್ಟ ಹತ್ತಿ ಇಳಿದು ಬಂದೈತೆ. ಮಂಗಳಾರತಿನೂ ತಗೊಂಡೈತೆ. ಇಂಥ ಷರ್ಟು ನಿಮಗೆ ಇನ್ನೆಲ್ಲಿ ಸಿಗ್ತದೆ?"

ಗುಮಾಸ್ತರು ಷರ್ಟಿನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ.

ಇನ್ನು ಮಾವನ ಸ್ವಂತ ಬಟ್ಟೆಗೆ ಬಂದರೆ, ಯಾರೋ ಹೊಲಿಸಲು ಕೊಟ್ಟು ಮರೆತುಹೋದದ್ದು, ಇನ್ಯಾರೋ ಬೇಡವೆಂದು ಬಿಟ್ಟುಹೋದದ್ದು. ಒಂದರಲ್ಲಿ ಭುಜ ಇಳಿಬಿದ್ದಿದ್ದರೆ ಇನ್ನೊಂದರಲ್ಲಿ ಬೆನ್ನು ಬಿಗಿದಿರುತ್ತಿತ್ತು. ಅವರ ಮೈಮೇಲಿನ ಅಂಗಿ ನೋಡಿ ಗಿರಾಕಿ ಬರುವಂತಿದ್ದರೆ ಅಂಗಡಿಗೆ ಎಂದೋ ಬೀಗ ಬೀಳಬೇಕಿತ್ತು.

ನನ್ನದು ಬೇರೆಯೇ ರೋಗ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ಕೂತವನು ಊರಿನವರನ್ನೆಲ್ಲ ಅಣಕಿಸಿ ಕಾಲ ಕಳೆಯುತ್ತಿದ್ದೆ. ರೈಲು ತಡವೆಂದು ಸಂತೋಷದಿಂದ ಸಾರುವ ಸ್ಟೇಷನ್ನಿನ ದನಿ, ಚಿಲ್ಲರೆ ಕೇಳಿದರೆ ಕಿವುಡಾಗುವ ಕಂಡಕ್ಟರು, ಎಲ್ಲವೂ ನನ್ನ ಬಾಯಲ್ಲಿದ್ದವು. ಎಲ್ಲಕ್ಕಿಂತ ಒಳ್ಳೆಯ ಐಟಂ ಎಂದರೆ ಮಾವನೇ. ಮಿಷನ್ ಮೇಲೆ ಬಾಗಿ ಬಾಗಿ ಗೂನಾದ ಬೆನ್ನು, ಮೇಲಕ್ಕೇ ನಿಂತುಬಿಟ್ಟ ಬಲಭುಜ, ಮುಂದಕ್ಕೆ ಚಾಚಿದ ಕತ್ತು, ಗುಂಡುಪಿನ್ನು ಕಚ್ಚಿಕೊಂಡೇ ಆಡುವ ಮಾತು. ಮೈಕಟ್ಟಿನಲ್ಲೂ ನಾವಿಬ್ಬರೂ ಒಂದೇ ಬಿದಿರು ಗಳುವಿನ ಎರಡು ತುಂಡು. ಇಡೀ ಬಂಧುಬಳಗ ಆ ಐಟಂ ನೋಡಿ ಹೊಟ್ಟೆ ಹಿಡಿದುಕೊಂಡಿತ್ತು, ಮಾವನೊಬ್ಬರನ್ನು ಬಿಟ್ಟು. ಅವರು ಒಳಗೆ ಬಂದ ತಕ್ಷಣ ನಾನು ಸಾಧುಪ್ರಾಣಿ. ಬೆನ್ನು ಗೂನಾದದ್ದು ಹೊಟ್ಟೆಪಾಡಿಗೆ. ಅದನ್ನು ಅವರ ಕಣ್ಣೆದುರಿಗೇ ಆಡಿ ತೋರಿಸುವ ಧೈರ್ಯ ನನಗಿರಲಿಲ್ಲ.

ಹೀಗಿರುವಾಗ ಬೇಲೂರಿನ ಗೆಳೆಯರ ಬಳಗವೊಂದು ತಮ್ಮ ಬೇಸಿಗೆ ಕಾರ್ಯಕ್ರಮಕ್ಕೆ ನನ್ನನ್ನು ಕರೆಯಿತು. ಮೊದಲ ವೇದಿಕೆ, ಮೊದಲ ಮೈಕು. ಒಪ್ಪಿಕೊಂಡ ದಿನದಿಂದಲೇ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದೆ. ಕಟಿಂಗ್ ಷಾಪಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಬ್ಬ ಜೀನ್ಸಿನ ಮೇಲೆ ತೆಳುವಾದ ಕೋಟು ಹಾಕಿ, ಟೈ ಇಲ್ಲದೆ, ಜೇಬಿನೊಳಗೆ ಕೈಯಿಟ್ಟು ನಿಂತಿದ್ದ. ಅವನ ಮುಖದಲ್ಲಿ ಒಂದಿಷ್ಟೂ ಭಯವಿರಲಿಲ್ಲ. ಆ ಧೈರ್ಯವೆಲ್ಲ ಕೋಟಿನಿಂದಲೇ ಬಂದಿರಬೇಕೆಂದು ನಾನು ತೀರ್ಮಾನಿಸಿದೆ.

ಚಿತ್ರ ನೋಡಿದ ಮಾವ ಕನ್ನಡಕ ಏರಿಸಿದರು. "ಇವನ ಪ್ಯಾಂಟೆಲ್ಲಿ?"

"ಅದೇ ಪ್ಯಾಂಟು ಮಾವ. ಜೀನ್ಸು."

"ಮೇಲೆ ಮದುವೆ ಗಂಡು, ಕೆಳಗೆ ಲಾರಿ ಕ್ಲೀನರ್ರು."

"ಒಳಗೆ ಅಸ್ತರ್ ಬೇಡ, ಭುಜಕ್ಕೆ ಪ್ಯಾಡೂ ಬೇಡ. ಬೇಸಿಗೆ ಕೋಟು ಮಾವ, ಗಾಳಿಯಾಡಬೇಕು."

"ಗಾಳಿ ಆಡೋಕೆ ಕೋಟ್ ಯಾಕ್ಲಾ? ಬರೀ ಮೈಲಿ ಹೋಗು."

ಇಷ್ಟೆಲ್ಲ ಅಂದರೂ ಟೇಪು ಹಿಡಿದು ಎದ್ದರು. ನಾನು ಕನ್ನಡಿಯ ಮುಂದೆ ನಿಂತೆ, ಅವರು ನನ್ನ ಬೆನ್ನ ಹಿಂದೆ. ಬಾಗಿಲ ಬಳಿ ಕೂತ ಅತ್ತೆ ನನ್ನತ್ತ ನೋಡಿದರು. ನೋಡುವವರು ಒಬ್ಬರು ಸಿಕ್ಕರೆ ಸಾಕು, ನನ್ನ ಮೈ ನನ್ನ ಮಾತು ಕೇಳುವುದಿಲ್ಲ. ಬಲಭುಜ ಮೇಲೆ ಹೋಯಿತು, ಬೆನ್ನು ಬಾಗಿತು, ಕತ್ತು ಮುಂದಕ್ಕೆ ಚಾಚಿತು. ಅತ್ತೆ ಸೆರಗು ಕಚ್ಚಿಕೊಂಡು ನಗು ತಡೆದರು. ಮಾವ ಭುಜದಿಂದ ಭುಜಕ್ಕೆ, ಕತ್ತಿನಿಂದ ಸೊಂಟಕ್ಕೆ ಟೇಪು ಹಿಡಿದು, ಬೆನ್ನಿನ ಮೇಲೆ ಯಾಕೋ ಸ್ವಲ್ಪ ಹೆಚ್ಚು ಹೊತ್ತೇ ಕೈಯಾಡಿಸಿದರು. ಟೇಪು ಸುತ್ತಿಟ್ಟು, "ಹ್ಞೂಂ, ಆಯ್ತು" ಅಂದರು. ನಾನು ನೆಟ್ಟಗಾದೆ.

ಆಮೇಲೆ ಶುರುವಾಯಿತು ನೋಡಿ ಕಾಯುವ ಸಂಕಟ. ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ನನ್ನ ಕೋಟಿನ ಬಟ್ಟೆ ಅದೇ ಮಡಿಕೆಯಲ್ಲಿ ಕೂತಿರುತ್ತಿತ್ತು. "ನಾಳೆ ಕಣಪ್ಪ" ಎನ್ನುತ್ತಿದ್ದರು ಅತ್ತೆ. ಕೊನೆಗೊಂದು ದಿನ ಅದು ಆ ಜಾಗದಲ್ಲಿರಲಿಲ್ಲ. ಮಾವನೂ ಇರಲಿಲ್ಲ! ಸಂಜೆ ಹಳೇಬೀಡಿನ ಗೆಳೆಯನೊಬ್ಬ ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಕರೆಸಿದ.

"ಏನ್ಲಾ, ನಿಮ್ಮ ಮಾವ ಪಂಚೆ ಮೇಲೆ ಕೋಟ್ ಹಾಕ್ಕೊಂಡು ಇಲ್ಲಿ ಬಸ್ ಸ್ಟ್ಯಾಂಡಲ್ಲಿ ಸೌತೆಕಾಯಿ ತಿಂತಾವ್ರೆ?"

"ಉಪ್ಪು ಖಾರ ಹಚ್ಚಿದ್ದೇನೋ?" ಜೀವ ಬಾಯಿಗೆ ಬಂದಿತ್ತು ನನಗೆ. ಕೋಟಿನ ಬಣ್ಣ ಬಿಳಿ ಅನ್ನುವಷ್ಟು ತಿಳಿ.

"ಹಚ್ಚೈತೆ. ಆದ್ರೂ ಕೋಟು ಏನ್ ಒಪ್ಪೈತೆ ಅಂತೀಯ! ಅವರಿಗೇ ಅಂತ ಹೊಲಿದಂಗೈತೆ."

ಈ ಕೊನೆಯ ಮಾತಿಗೆ ನಾನು ಬೆಚ್ಚಿಬೀಳಬೇಕಿತ್ತು. ಆದರೆ ನನ್ನ ಚಿಂತೆಯೆಲ್ಲ ಖಾರದ ಮೇಲಿತ್ತು.

ಕೋಟು ಕೈಗೆ ಬಂದದ್ದು ಕಾರ್ಯಕ್ರಮದ ದಿನ ಬೆಳಗ್ಗೆ. ಖಾರದ ಕಲೆಯಿರಲಿಲ್ಲ. ಜೀನ್ಸು ಏರಿಸಿ, ಕೋಟು ತೊಟ್ಟು ಕನ್ನಡಿ ನೋಡಿದೆ. ಬಲಭುಜದಲ್ಲಿ ಬಟ್ಟೆ ಖಾಲಿಯಾಗಿ ಎದ್ದು ನಿಂತಿತ್ತು. ಬೆನ್ನಿನಲ್ಲಿ ಒಂದು ಚೀಲ. ಕಾಲರು ನನ್ನ ಕತ್ತನ್ನು ಬಿಟ್ಟು ಮುಂದೆ ಎಲ್ಲಿಗೋ ಹೊರಟಿತ್ತು. ಅನುಮಾನ ಬಂದು ಮೆಲ್ಲಗೆ ಭುಜ ಎತ್ತಿ, ಬೆನ್ನು ಬಾಗಿಸಿದೆ. ಎರಕ ಹೊಯ್ದ ಹಾಗೆ ಕೂತಿತು. ಅಳತೆ ಕೊಟ್ಟದ್ದು ನಾನಲ್ಲ, ನಾನು ಮಾಡಿದ ಮಾವ!

ಬಿಚ್ಚಿ ಸರಿಮಾಡಿಸಲು ಹೊತ್ತಿರಲಿಲ್ಲ. ಅಷ್ಟರಲ್ಲಿ ಬೇಲೂರಿನ ಬಸ್ಸಿನ ಹೊತ್ತಾಗಿತ್ತು. ಸಾಲದ್ದಕ್ಕೆ ಮಾವ ಅತ್ತೆಯೂ ಹೊರಟು ನಿಂತಿದ್ದರು. "ನನ್ನ ಕೋಟು ಸ್ಟೇಜ್ ಮ್ಯಾಲೆ ಹೆಂಗ್ ಕಾಣ್ತದೆ ನೋಡ್ಬೇಡವಾ?" ಅಂದರು ಮಾವ. ನನ್ನ ಅತ್ಯುತ್ತಮ ಐಟಂ ಮಾವ, ಅವರು ಮುಂದಿನ ಸಾಲಿನಲ್ಲಿ. ಬಸ್ಸು ಹಳೇಬೀಡು ದಾಟುವಷ್ಟರಲ್ಲಿ ಆ ಐಟಂ ಮಾಡಕೂಡದೆಂದು ಗಟ್ಟಿಮನಸ್ಸು ಮಾಡಿದೆ. ಅದನ್ನು ತೆಗೆದರೆ ಉಳಿಯುವುದೇನು? ಸ್ಟೇಷನ್ನಿನ ದನಿ, ಕಂಡಕ್ಟರು.

ವೇದಿಕೆ ಹತ್ತಿದೆ. ಸ್ಟೇಷನ್ನಿನ ದನಿ ಮಾಡಿದೆ, ಯಾರೂ ನಗಲಿಲ್ಲ. ಕಂಡಕ್ಟರನ್ನು ಕರೆತಂದೆ, ಅವನೂ ಚಿಲ್ಲರೆಯಿಲ್ಲದೆ ವಾಪಸ್ಸಾದ. ಹಿಂದಿನಿಂದ ಒಬ್ಬ ಕೂಗಿದ, "ಕೋಟು ಯಾರ್ದಣ್ಣಾ?" ನಗು ಬಂದದ್ದು ಆಗಲೇ. ನೆಟ್ಟಗೆ ನಿಂತಷ್ಟೂ ಆ ಕೋಟು ನನ್ನ ಮೇಲೆ ದೂರು ಹೇಳುತ್ತಿತ್ತು. ಕೋಟನ್ನಾದರೂ ಸುಮ್ಮನಾಗಿಸೋಣವೆಂದು ಭುಜ ಸ್ವಲ್ಪ ಎತ್ತಿದೆ, ಬೆನ್ನು ಸ್ವಲ್ಪ ಬಾಗಿತು. ಅಷ್ಟೇ, ಬಾಯಿಗೆ ಗುಂಡುಪಿನ್ನುಗಳು ತಾವಾಗಿಯೇ ಬಂದವು.

"ನಿಮ್ದೇ ಸಾರ್ ಷರ್ಟು. ಮಂಗಳಾರತಿನೂ ತಗೊಂಡೈತೆ."

ಆಮೇಲೆ ಸಭೆಯ ನಗು ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ನಗುವಿನ ಸದ್ದಿನ ನಡುವೆ ಮುಂದಿನ ಸಾಲು ನೋಡಿದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾವ ನಗುತ್ತಿರಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ, ಕತ್ತು ಮುಂದೆ ಚಾಚಿ, ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದರು.

ಚಪ್ಪಾಳೆ ಮುಗಿದು ಪರದೆಯ ಹಿಂದೆ ಬಂದಾಗ ಅವರು ಅಲ್ಲಿದ್ದರು. ನಾನು ತಲೆ ತಗ್ಗಿಸಿದೆ. ಮಾವ ನನ್ನ ಹಿಂದೆ ಹೋಗಿ ನಿಂತು, ಬೆನ್ನಿನ ಮಧ್ಯದ ಹೊಲಿಗೆಯ ಮೇಲೆ ಬೆರಳಾಡಿಸಿದರು. ಬಯ್ಯುವುದಿದ್ದರೆ ಬೇಗ ಬಯ್ಯಲಿ ಎಂದು ಕಾದೆ.

"ಬಿಚ್ಚು" ಅಂದರು.

ಬಿಚ್ಚಿಕೊಟ್ಟೆ. ಪಂಚೆಯ ಮೇಲೆ ತಾವು ತೊಟ್ಟುಕೊಂಡರು. ಭುಜ ಭುಜಕ್ಕೆ ಕೂತಿತು, ಕಾಲರು ಕತ್ತನ್ನು ತಬ್ಬಿತು. ಮಾವನ ಮೈಮೇಲೆ ಅವರ ಅಳತೆಯದೇ ಬಟ್ಟೆಯನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

"ಮಾವ, ಅವತ್ತು ಅಂಗಡೀಲಿ ನಾನು ಯಾರ ಥರ ನಿಂತಿದ್ದೆ ಅಂತ ನಿಮಗೆ ಗೊತ್ತಾಗಿತ್ತಾ?"

"ಕನ್ನಡಿ ಇತ್ತಲ್ಲ."

"ಗೊತ್ತಿದ್ದೂ ಹಾಗೇ ಯಾಕೆ ಹೊಲಿದ್ರಿ?"

ಮಾವ ಗುಂಡಿ ಹಾಕಿಕೊಂಡು, ತೋಳು ನೀವಿ ಸರಿಮಾಡಿಕೊಂಡರು.

"ಊರೋರ ಬೆನ್ನೆಲ್ಲ ಅಳೆದಿದ್ದೀನಿ ಕಣ್ಲಾ, ನನ್ನ ಬೆನ್ನಿಗೆ ನನ್ನ ಕೈ ಎಟುಕಾಕಿಲ್ಲ. ಅವತ್ತು ನೀನು ಅದನ್ನ ತಂದು ಮುಂದೆ ನಿಲ್ಲಿಸ್ದೆ, ಅಳತೆ ತಗೊಂಡೆ."